ನಾಲ್ಕು ಬಾಗಿಲು, ಗಿಡ್ಡ ಬೆಡ್: ಹಳೆಯ ಷೆವರ್ಲೆ ಪಿಕಪ್ಪಿನ ಚಾಸಿ ಕತ್ತರಿಸಿ ಕೂಡಿಸುವ ಕ್ರಮ

ಅಮೆರಿಕದಲ್ಲಿ 1973ರಿಂದ 1987ರವರೆಗೆ ಬಂದ ಷೆವರ್ಲೆ ಮತ್ತು ಜಿಎಂಸಿ ಪಿಕಪ್‌ಗಳನ್ನು ಅಲ್ಲಿನವರು ಸ್ಕ್ವೇರ್ ಬಾಡಿ ಎಂದು ಕರೆಯುತ್ತಾರೆ. ಎರಡು ಬಾಗಿಲಿನ ಮಾಮೂಲಿ ಕ್ಯಾಬ್ ಕೊಳ್ಳುವವರು ಆರೂವರೆ ಅಡಿಯ ಗಿಡ್ಡ ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ) ಬೇಕೋ ಎಂಟು ಅಡಿಯದು ಬೇಕೋ ಎಂದು ಆರಿಸಿಕೊಳ್ಳಬಹುದಿತ್ತು. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಬೇಕೆಂದವರಿಗೆ ಮಾತ್ರ ಎಂಟು ಅಡಿಯ ಬೆಡ್ಡೇ ಗತಿ. ಗಾಡಿಯ ಉದ್ದ 20 ಅಡಿ ದಾಟುತ್ತಿತ್ತು, ಮನೆಯ ಗ್ಯಾರೇಜಿಗೆ ನುಗ್ಗಿಸಿದರೆ ಬಾಗಿಲು ಎಳೆಯಲು ಆಗುತ್ತಿರಲಿಲ್ಲ. ಮನೆಮಂದಿಯೆಲ್ಲ ಕೂರುವಂಥ ಕ್ಯಾಬೂ ಇರಬೇಕು, ಊರೊಳಗೆ ತಿರುಗಿಸಲು ಆಗುವಷ್ಟು ಉದ್ದವೂ ಇರಬೇಕು ಎನ್ನುವವರಿಗೆ ಕಂಪನಿ ಅಂಥ ಗಾಡಿ ಮಾಡಿಕೊಡಲೇ ಇಲ್ಲ. ಅದನ್ನು ನಾವೇ ಮಾಡಿಕೊಳ್ಳುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ವಾರಾಂತ್ಯದಲ್ಲಿ ಹಳೆ ಗಾಡಿಯ ಕೆಳಗೆ ಮಲಗಿ ಕೈ ಮಸಿ ಮಾಡಿಕೊಳ್ಳುವ ಅಮೆರಿಕದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಒಂದು ಮಾತು: ನಮ್ಮಲ್ಲಿ ಇದಕ್ಕೆ ಕೈ ಹಾಕಬೇಡಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಮಾಡುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಇಲ್ಲಿ ಡಬಲ್ ಕ್ಯಾಬ್ ಬೇಕಾದವರು ಬೊಲೆರೊ ಕ್ಯಾಂಪರ್‌ನಂತೆ ಕಂಪನಿಯಿಂದಲೇ ಹಾಗೆ ಬಂದದ್ದನ್ನು ಕೊಳ್ಳುವುದು ಸರಿ.

ಯಾವ ಗಾಡಿಯಿಂದ ಶುರು ಮಾಡಬೇಕು

ದಾರಿ ಎರಡಿವೆ. ಒಂದು, ಇರುವ ಎರಡು ಬಾಗಿಲಿನ ಗಾಡಿಗೆ ಬೇರೆ ಕಡೆಯಿಂದ ಕ್ರೂ ಕ್ಯಾಬ್ ತಂದು ಕೂರಿಸುವುದು. ಇನ್ನೊಂದು, ಉದ್ದ ಬೆಡ್ಡಿನ ಕ್ರೂ ಕ್ಯಾಬ್ ಗಾಡಿಯನ್ನೇ ಕೊಂಡು ಅದರ ಹಿಂಭಾಗ ಗಿಡ್ಡ ಮಾಡುವುದು. ನನ್ನನ್ನು ಕೇಳಿದರೆ ಎರಡನೆಯದನ್ನೇ ಹಿಡಿಯಿರಿ. ಕ್ಯಾಬ್ ಎಂದರೆ ಗಾಜು, ಬಾಗಿಲು, ಬೀಡಿಂಗು, ನೀರು ಸೋರುವ ಜಾಗ, ವೈರಿಂಗು, ಸೀಟ್ ಬೆಲ್ಟಿನ ಆಧಾರ ಎಲ್ಲ ಒಟ್ಟಿಗೆ ಸೇರಿದ ಸಂಸಾರ. ಅದರ ಮುಂದೆ ಚಾಸಿ ಎರಡು ಉದ್ದನೆಯ ಉಕ್ಕಿನ ತೊಲೆ ಅಷ್ಟೆ. ತೊಲೆಯನ್ನು ಗಿಡ್ಡ ಮಾಡುವುದು ಅಳತೆಯ ಕೆಲಸ, ತಾಳ್ಮೆ ಇದ್ದವರಿಗೆ ಒಲಿಯುತ್ತದೆ. ಕ್ಯಾಬ್ ಹಿಗ್ಗಿಸುವುದು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತುಹೋಗುವ ಕೆಲಸ.

ಕಾಗದಪತ್ರದ ದೃಷ್ಟಿಯಿಂದಲೂ ಇದೇ ಮೇಲು. ಗಾಡಿಯ ಗುರುತಿನ ಸಂಖ್ಯೆಯ ಫಲಕ ಕ್ಯಾಬಿನ ಮೇಲಿರುತ್ತದೆ, ಚಾಸಿಯ ಮೇಲೂ ಸಂಖ್ಯೆ ಕೊರೆದಿರುತ್ತದೆ. ಕ್ಯಾಬ್ ಒಂದು ಗಾಡಿಯದು, ಚಾಸಿ ಇನ್ನೊಂದರದು ಆದಾಗ ಎರಡೂ ತಾಳೆಯಾಗುವುದಿಲ್ಲ. ಹೊಂದಿಸಿಬಿಡೋಣ ಎಂದು ಫಲಕ ಕಿತ್ತು ಬೇರೆಡೆ ಹಚ್ಚುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧವಾಗಬಹುದು. ಮೊದಲಿಂದಲೂ ಕ್ರೂ ಕ್ಯಾಬ್ ಎಂದೇ ದಾಖಲಾದ ಗಾಡಿಗೆ ಈ ತಲೆನೋವಿಲ್ಲ.

ಹುಡುಕುವಾಗ 1987ಕ್ಕೆ ನಿಲ್ಲಬೇಡಿ. 1988ರ ಮಾದರಿಗೆ ಹೊಸ ರೂಪದ ಪಿಕಪ್ ಬಂದರೂ ಹಳೆ ಬಾಡಿಯ ಕ್ರೂ ಕ್ಯಾಬ್ 1991ರವರೆಗೆ ತಯಾರಾಗುತ್ತಿತ್ತು. ಆ ಕೊನೆಯ ವರ್ಷಗಳ ಪೆಟ್ರೋಲ್ ಗಾಡಿಗಳಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವುದರಿಂದ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಲು ಪರದಾಡಬೇಕಿಲ್ಲ. ಇನ್ನೊಂದು ವಿಷಯ, ಭಾರ ಹೊರುವ ವರ್ಗದಲ್ಲಿ ಅರ್ಧ ಟನ್ನಿನ ಗಾಡಿಯಲ್ಲಿ ಕ್ರೂ ಕ್ಯಾಬ್ ಬರಲೇ ಇಲ್ಲ. ಮುಕ್ಕಾಲು ಟನ್ ಮತ್ತು ಒಂದು ಟನ್ ಗಾಡಿಗಳಲ್ಲಿ ಮಾತ್ರ ಇತ್ತು. ಹಾಗಾಗಿ ಚಕ್ರಕ್ಕೆ ಎಂಟು ಬೋಲ್ಟು, ಪಾಟಾ (ಲೀಫ್ ಸ್ಪ್ರಿಂಗ್) ಗಡುಸು, ಖಾಲಿ ಗಾಡಿಯ ಓಟ ಸ್ವಲ್ಪ ಒರಟು. ಅದಕ್ಕೆ ಮನಸ್ಸು ಸಿದ್ಧವಿರಲಿ.

ಕೊಳ್ಳುವ ಮೊದಲು ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಬಗ್ಗಿ. ಬಾಗಿಲ ಕೆಳಗಿನ ಪೆಟ್ಟಿಗೆ, ಕ್ಯಾಬಿನ ಹಿಂದಿನ ಎರಡು ಮೂಲೆ, ಕ್ಯಾಬನ್ನು ಚಾಸಿಗೆ ಕೂರಿಸುವ ಆಧಾರಗಳು, ಮುಂಗಾಜಿನ ಬುಡ, ಇವಿಷ್ಟನ್ನೂ ಚುಚ್ಚಿ ನೋಡಿ. ಬಣ್ಣದ ಕೆಳಗೆ ಉಬ್ಬಿದ ತುಕ್ಕು ಮೊನೆ ತಾಕಿದೊಡನೆ ಹಪ್ಪಳದಂತೆ ಮುರಿಯುತ್ತದೆ. ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಗಾಡಿಗಿಂತ ಅರಿಜೋನಾ, ಟೆಕ್ಸಾಸ್ ಕಡೆಯದಕ್ಕೆ ಬೆಲೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಬೆಡ್ ತುಕ್ಕು ಹಿಡಿದು ಹಾಳಾಗಿದ್ದರೆ ಅದನ್ನೇ ತೋರಿಸಿ ಚೌಕಾಸಿ ಮಾಡಿ, ಹೇಗೂ ಅದು ನಿಮಗೆ ಬೇಡವಾದದ್ದು.

ಲೆಕ್ಕ

ಮಾಮೂಲಿ ಕ್ಯಾಬಿನ ಗಿಡ್ಡ ಬೆಡ್ ಗಾಡಿಯ ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಇರುವ ದೂರ) 117.5 ಇಂಚು, ಉದ್ದ ಬೆಡ್ಡಿನದು 131.5 ಇಂಚು. ವ್ಯತ್ಯಾಸ 14 ಇಂಚು. ಕ್ರೂ ಕ್ಯಾಬಿನ ವೀಲ್‌ಬೇಸ್ 164.5 ಇಂಚು. ಅದರಿಂದ 14 ಕಳೆದರೆ 150.5, ಅದೇ ನಮ್ಮ ಗುರಿ. ಎರಡು ಬೆಡ್ಡುಗಳ ಉದ್ದದ ವ್ಯತ್ಯಾಸ ಸುಮಾರು 20 ಇಂಚು. ಅದರಲ್ಲಿ 14 ಇಂಚು ಹಿಂದಿನ ಚಕ್ರದ ಮುಂದಿನದು, ಉಳಿದ ಸುಮಾರು 6 ಇಂಚು ಚಕ್ರದ ಹಿಂದಿನದು. ಹೀಗಾಗಿ ಚಾಸಿಯನ್ನು ಎರಡು ಕಡೆ ಕತ್ತರಿಸಬೇಕು. ಬಾಲದ ತುಂಡು ಸುಮ್ಮನೆ ಕಡಿದು ಬಂಪರ್ ಬ್ರಾಕೆಟ್ಟಿಗೆ ಹೊಸ ತೂತು ಕೊರೆದರೆ ಮುಗಿಯಿತು. ನಡುವಿನ 14 ಇಂಚೇ ನಿಜವಾದ ಕೆಲಸ.

ಈ ಅಂಕಿಗಳನ್ನು ನಂಬಿ ಗ್ರೈಂಡರ್ ಎತ್ತಬೇಡಿ. ಮೊದಲು ಗಿಡ್ಡ ಬೆಡ್ ತಂದು ಅಂಗಳದಲ್ಲಿಟ್ಟುಕೊಳ್ಳಿ. ಅದರ ಮುಂದಿನ ಅಂಚಿನಿಂದ ಚಕ್ರದ ಕಮಾನಿನ ನಡುವಿಗೆ ಎಷ್ಟು, ಬೋಲ್ಟಿನ ತೂತುಗಳು ಎಲ್ಲೆಲ್ಲಿ, ಟೈಲ್‌ಗೇಟಿನವರೆಗೆ ಎಷ್ಟು ಎಂದು ಬರೆದಿಟ್ಟು ಹಳೆ ಬೆಡ್ಡಿನ ಅಳತೆಯ ಪಕ್ಕದಲ್ಲಿಡಿ. ಕಳೆದಾಗ ಬರುವ ಅಂಕಿಯೇ ನಿಮ್ಮ ಅಂಕಿ. ಉದ್ದ ಬೆಡ್ಡನ್ನೇ ಕತ್ತರಿಸಿ ಗಿಡ್ಡ ಮಾಡಲೂಬಹುದು, ಆದರೆ ಪಕ್ಕದ ಅಗಲವಾದ ತಗಡಿನಲ್ಲಿ ಬೆಸುಗೆ ಗೆರೆ ಕಾಣದಂತೆ ಮಾಡಲು ಪಳಗಿದ ಟಿಂಕರ್ ಬೇಕು. ಅದೇ ಕಾಲದ ಗಿಡ್ಡ ಬೆಡ್ ಗುಜರಿಯಲ್ಲಿ ಸಿಕ್ಕರೆ, ಇಲ್ಲವೇ ಈಗಲೂ ಹೊಸದಾಗಿ ತಯಾರಾಗುವ ಪಕ್ಕದ ತಗಡುಗಳನ್ನು ಕೊಂಡರೆ, ಹಣ ಹೆಚ್ಚಾದರೂ ನಿದ್ದೆ ಚೆನ್ನಾಗಿ ಬರುತ್ತದೆ.

ಬಿಚ್ಚುವುದು

ಬ್ಯಾಟರಿ ತಂತಿ ತೆಗೆಯಿರಿ, ಆಲ್ಟರ್ನೇಟರಿನದೂ ತೆಗೆಯಿರಿ. ಪೆಟ್ರೋಲ್ ಟ್ಯಾಂಕು ಮತ್ತು ಅದರ ಕೊಳವೆಗಳನ್ನು ಗಾಡಿಯಿಂದ ಬಿಚ್ಚಿ ಶೆಡ್ಡಿನಿಂದಲೇ ಹೊರಗಿಡಿ. ಪೆಟ್ರೋಲ್ ಖಾಲಿ ಮಾಡಿದ್ದೇನೆ ಎಂಬ ಧೈರ್ಯ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಕಿಡಿಗೆ ಹೆಚ್ಚು ಅಪಾಯ. ಆಮೇಲೆ ಬೆಡ್ಡಿನ ಬೋಲ್ಟು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿದ್ದರೆ ಅರ್ಧದಷ್ಟಾದರೂ ಬಿಚ್ಚಿ ಬರುತ್ತವೆ, ಉಳಿದವನ್ನು ಕತ್ತರಿಸಬೇಕಾಗುತ್ತದೆ. ಬೆಡ್ ಎತ್ತಲು ನಾಲ್ಕು ಜನ ಸಾಕು.

ಜಾಯಿಂಟ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂಚಕ್ರಗಳಿಗೆ ತಿರುಗುಬಲ ಒಯ್ಯುವ ದಂಡ), ಸೈಲೆನ್ಸರ್, ಹ್ಯಾಂಡ್‌ಬ್ರೇಕ್ ಕೇಬಲ್, ಹಿಂದಿನ ಬ್ರೇಕ್ ಪೈಪು ಬಿಚ್ಚಿ. ವೈರಿಂಗ್ ಗೊಂಚಲನ್ನು ಕತ್ತರಿಸದೆ ಕ್ಲಿಪ್ಪುಗಳಿಂದ ಬಿಡಿಸಿ ಮುಂದಕ್ಕೆ ಸುತ್ತಿಡಿ. ಕತ್ತರಿಸುವ ಜಾಗದ ಸುತ್ತ ಎರಡಡಿ ಬಣ್ಣ, ಗ್ರೀಸು, ತುಕ್ಕು ಎಲ್ಲ ಉಜ್ಜಿ ಉಕ್ಕು ಹೊಳೆಯುವಂತೆ ಮಾಡಿ. ಕೂದಲೆಳೆಯ ಬಿರುಕುಗಳಿದ್ದರೆ ಕಣ್ಣಿಗೆ ಬೀಳುವುದು ಆವಾಗಲೇ.

ಅಳತೆ, ಇನ್ನೊಮ್ಮೆ ಅಳತೆ

ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ. ಹಿಂದಿನ ಹೌಸಿಂಗ್ (ಹಿಂಚಕ್ರಗಳ ಅಚ್ಚು) ಕಾಲಿಂಚು ಓರೆಯಾಗಿ ಕೂತರೂ ಗಾಡಿ ನೇರ ರಸ್ತೆಯಲ್ಲಿ ಪಕ್ಕಕ್ಕೆ ಎಳೆಯುತ್ತದೆ, ಟೈರು ತಿನ್ನುತ್ತದೆ, ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗುವುದಿಲ್ಲ.

ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ಚಾಸಿಯನ್ನು ಆರು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ: ಮುಂದೆ ಎರಡು, ಕತ್ತರಿಸುವ ಜಾಗದ ಆಚೆ ಈಚೆ ಎರಡೆರಡು. ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ. ಸ್ಟ್ಯಾಂಡಿನ ಕೆಳಗೆ ತಗಡಿನ ತುಂಡು ಕೊಟ್ಟು ಗುಳ್ಳೆ ನಡುವೆ ನಿಲ್ಲುವವರೆಗೆ ಸರಿಮಾಡಿ. ಆಮೇಲೆ ಎಡ ಬಲ ಎರಡೂ ತೊಲೆಗಳಲ್ಲಿ, ಕತ್ತರಿಸುವ ಜಾಗದ ಮುಂದೆ ಒಂದು ಹಿಂದೆ ಒಂದು, ಕಂಪನಿಯೇ ಕೊರೆದ ತೂತುಗಳನ್ನು ಗುರುತು ಮಾಡಿಕೊಂಡು ಅಲ್ಲಿಂದ ತೂಗುಗುಂಡು ಬಿಡಿ. ಗುಂಡಿನ ಮೊನೆ ನಿಂತಲ್ಲಿ ನೆಲಕ್ಕೆ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ನಾಲ್ಕು ಚುಕ್ಕೆಗಳ ನಡುವೆ ಎರಡೂ ಪಕ್ಕದ ಉದ್ದ ಮತ್ತು ಎರಡೂ ಕರ್ಣ ಅಳೆಯಿರಿ. ಕರ್ಣಗಳೆರಡೂ ಸಮ ಬರಬೇಕು. 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಳೆಯ ಅಪಘಾತದಲ್ಲೋ ಅತಿಭಾರದಲ್ಲೋ ಚಾಸಿ ಆಗಲೇ ಓರೆಯಾಗಿದೆ ಎಂದರ್ಥ. ಅದನ್ನು ನೇರ ಮಾಡಿಸದೆ ಮುಂದೆ ಹೋಗಬಾರದು. ಎಲ್ಲ ಅಂಕಿಗಳನ್ನೂ ಗೋಡೆಗೆ ಬರೆದಿಡಿ. ನೆಲದ ಚುಕ್ಕೆಗಳನ್ನು ಕೆಲಸ ಮುಗಿಯುವವರೆಗೆ ಯಾರೂ ತುಳಿಯದಂತೆ ನೋಡಿಕೊಳ್ಳಿ.

ಕತ್ತರಿಸಿ ಕೂಡಿಸುವುದು

ಜಾಗ ಆರಿಸುವಾಗ ಕ್ಯಾಬಿನ ಹಿಂಭಾಗಕ್ಕೂ ಪಾಟಾದ ಮುಂದಿನ ಹ್ಯಾಂಗರಿಗೂ ನಡುವಿನ ನೇರ ಭಾಗ ನೋಡಿ. ಹೌಸಿಂಗಿನ ಮೇಲೆ ತೊಲೆ ಬಾಗಿ ಏರುವಲ್ಲಿ ಎಂದೂ ಕೈ ಹಚ್ಚಬೇಡಿ. ಗೆರೆ ರಿವೆಟ್ ಮೇಲಾಗಲಿ ಇರುವ ತೂತಿನ ಮೇಲಾಗಲಿ ಹಾಯಬಾರದು, ಅಡ್ಡತೊಲೆಗೆ ತೀರ ಹತ್ತಿರವೂ ಇರಬಾರದು. ಮುಂದಿನ ಗೆರೆಯಲ್ಲಿ ಮತ್ತು 14 ಇಂಚು ಹಿಂದಿನ ಗೆರೆಯಲ್ಲಿ ತೊಲೆಯ ಎತ್ತರ ಒಂದೇ ಇದೆಯೇ ಎಂದು ಅಳೆದು ನೋಡಿ, ಇಲ್ಲದಿದ್ದರೆ ಕೂಡಿಸುವಾಗ ಮೆಟ್ಟಿಲು ಬೀಳುತ್ತದೆ.

ಈ ತೊಲೆ ಇಂಗ್ಲಿಷಿನ ‘ಸಿ’ ಆಕಾರದ್ದು: ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನಿಂತ ಗೋಡೆ. ಭಾರ ಬಿದ್ದಾಗ ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ ಒಂದು ಎಳೆತ ತಿಂದರೆ ಇನ್ನೊಂದು ಒತ್ತಡ ತಿನ್ನುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಗೆರೆಯಲ್ಲಿ ಕಡಿದರೆ ಮೂರೂ ಬೆಸುಗೆಗಳು ಒಂದೇ ಜಾಗದಲ್ಲಿ ಬಿದ್ದು, ಬಿರುಕು ಬಂದರೆ ಇಡೀ ತೊಲೆ ಅಲ್ಲೇ ತೆರೆದುಕೊಳ್ಳುತ್ತದೆ. ಅದಕ್ಕೇ ಮೆಟ್ಟಿಲಾಕಾರದ ಕಡಿತ. ಮೇಲಿನ ಪಟ್ಟಿಯಿಂದ ಗೋಡೆಯ ಅರ್ಧಕ್ಕೆ ನೇರ ಇಳಿಯಿರಿ, ಅಲ್ಲಿಂದ ಸುಮಾರು 6 ಇಂಚು ಅಡ್ಡ ಹೋಗಿ, ಮತ್ತೆ ಕೆಳಗಿನ ಪಟ್ಟಿಗೆ ಇಳಿಯಿರಿ. ಈ ಆಕಾರವನ್ನು ಗಟ್ಟಿ ರಟ್ಟಿನಲ್ಲಿ ಕತ್ತರಿಸಿಕೊಂಡು ಎರಡೂ ಗೆರೆಗಳಿಗೆ ಅದೇ ರಟ್ಟು ಬಳಸಿ. ಬಲಗಡೆಯ ತೊಲೆಗೆ ರಟ್ಟನ್ನು ಮಗುಚಿ ಹಿಡಿದರೆ ಎರಡೂ ಕಡೆ ಕನ್ನಡಿಯಲ್ಲಿ ನೋಡಿದಂತೆ ಹೊಂದುತ್ತದೆ.

ಗ್ಯಾಸ್ ಕಟರ್ ಬೇಡ, ಅಂಚು ಸುಟ್ಟುಹೋಗುತ್ತದೆ. ಗ್ರೈಂಡರಿಗೆ ತೆಳುವಾದ ಕಟಿಂಗ್ ಡಿಸ್ಕ್ ಹಾಕಿ, ಗೆರೆಯನ್ನು ಉಳಿಸಿ, ಬಿಸಾಡುವ ತುಂಡಿನ ಕಡೆ ಕತ್ತರಿಸಿ. ಎರಡೂ ತೊಲೆಗಳಿಗೆ ಅಡ್ಡವಾಗಿ, ಕಡಿತದ ಆಚೆ ಈಚೆ, ಆಂಗಲ್ ಕಬ್ಬಿಣಕ್ಕೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹೊಡೆದು ನಿಲ್ಲಿಸಿರಬೇಕು. ಇಲ್ಲದಿದ್ದರೆ ತೊಲೆಗಳು ಬಿಡುಗಡೆಯಾದೊಡನೆ ಒಂದು ಒಳಕ್ಕೆ ಇನ್ನೊಂದು ಹೊರಕ್ಕೆ ಸರಿಯುತ್ತವೆ. ಗಾಲಿಯಿರುವ ಜಾಕಿನ ಮೇಲೆ ಹಿಂಭಾಗ ಹೊತ್ತುಕೊಂಡು ಮೆಲ್ಲಗೆ ಮುಂದೆ ತನ್ನಿ. ತೊಲೆಯ ಮೇಲ್ಪಟ್ಟಿಗೆ ಉದ್ದವಾದ ನೇರ ಚೌಕ ಪೈಪು ಕ್ಲಾಂಪ್ ಮಾಡಿದರೆ ಎರಡೂ ತುಂಡು ಒಂದೇ ಮಟ್ಟಕ್ಕೆ ಬರುತ್ತವೆ. ಮತ್ತೆ ತೂಗುಗುಂಡು, ಮತ್ತೆ ಕರ್ಣ. ಹಿಂದಿನ ಚುಕ್ಕೆಗಳು ಎರಡೂ ಕಡೆ ಸರಿಯಾಗಿ 14 ಇಂಚು ಮುಂದೆ ಬಂದಿರಬೇಕು.

ಅಂಚುಗಳನ್ನು ಇಳಿಜಾರು ತಿಕ್ಕಿ, ನಡುವೆ 3 ಮಿಲಿಮೀಟರಿನಷ್ಟು ಸಂದು ಬಿಟ್ಟರೆ ಬೆಸುಗೆ ಬೇರಿನವರೆಗೆ ಇಳಿಯುತ್ತದೆ. 110 ವೋಲ್ಟಿನ ಚಿಕ್ಕ ವೆಲ್ಡಿಂಗ್ ಮಷಿನ್ನು ತಗಡಿಗೆ ಸರಿ, ಚಾಸಿಗೆ ಸಾಲದು. 220 ವೋಲ್ಟಿನ ಮಿಗ್ (ತಂತಿ ತಾನೇ ಹರಿದುಬರುವ ಮಷಿನ್ನು) ಇರಲಿ, ಇಲ್ಲವೇ 7018 ರಾಡಿನ ಆರ್ಕ್. ಮೊದಲು ಟ್ಯಾಕ್, ಆಮೇಲೆ ಅಳತೆ, ಆಮೇಲೆ ಬೆಸುಗೆ. ಅದೂ ಎಡಕ್ಕೆ ಎರಡಿಂಚು, ಬಲಕ್ಕೆ ಎರಡಿಂಚು ಎಂದು ಹಂಚಿಕೊಂಡು. ಒಂದೇ ಕಡೆ ಉದ್ದಕ್ಕೆ ಎಳೆದರೆ ಉಕ್ಕು ತಣಿಯುವಾಗ ಚಾಸಿಯನ್ನೇ ತನ್ನತ್ತ ಎಳೆದುಕೊಳ್ಳುತ್ತದೆ. ತಣ್ಣೀರು ಹೊಯ್ಯಬೇಡಿ, ಗಾಳಿಗೇ ಆರಲಿ.

ಬೆಸುಗೆ ತಿಕ್ಕಿ ಸಮ ಮಾಡಿದ ಮೇಲೆ ಗೋಡೆಯ ಒಳಮೈಗೆ ಒತ್ತುಪಟ್ಟಿ, ಅಂದರೆ ಬೆಸುಗೆಗೆ ಬಲ ಕೊಡುವ ಉಕ್ಕಿನ ತುಂಡು, ಕೂರಿಸಿ. ದಪ್ಪ ತೊಲೆಯಷ್ಟೇ ಇರಲಿ, ಅದಕ್ಕಿಂತ ಹೆಚ್ಚು ಬೇಡ. ವಿಪರೀತ ಗಡುಸಾದರೆ ಪಟ್ಟಿ ಮುಗಿಯುವಲ್ಲಿ ತೊಲೆ ಬಿರಿಯುತ್ತದೆ. ತುದಿಗಳನ್ನು ಚೌಕವಾಗಿ ಬಿಡದೆ ವಜ್ರದಾಕಾರಕ್ಕೆ ಚೂಪು ಮಾಡಿ. ಪಟ್ಟಿಯ ತುದಿಯಲ್ಲಿ ನೇರ ಲಂಬ ಬೆಸುಗೆ ಎಳೆದರೆ ಕಡಿದ ಗೆರೆಯನ್ನೇ ಮತ್ತೆ ಬರೆದಂತೆ. ಒತ್ತುಪಟ್ಟಿ ಬೆಸೆಯುವಾಗ ತೊಲೆಯ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ಅಂಚಿಗೆ ಅಡ್ಡ ಬೆಸುಗೆ ಹಾಕಲೇಬಾರದು.

ಇಷ್ಟನ್ನು ಓದುವಾಗಲೇ ವೆಲ್ಡಿಂಗ್ ಬಗ್ಗೆ ಅಳುಕು ಬಂದರೆ ಅದು ಒಳ್ಳೆಯ ಅಳುಕು. ಅಳತೆ, ಕಡಿತ, ಟ್ಯಾಕ್ ನೀವೇ ಮಾಡಿ. ಪೂರ್ತಿ ಬೆಸುಗೆಗೆ ಲಾರಿ ಚಾಸಿ ಕೆಲಸ ಮಾಡುವ ವೆಲ್ಡರನ್ನು ಮನೆಗೇ ಕರೆಸಿ. ಒಂದು ದಿನದ ಕೂಲಿ ಮನೆಮಂದಿಯ ಜೀವಕ್ಕಿಂತ ದೊಡ್ಡದಲ್ಲ.

ಪೆಟ್ರೋಲ್ ಟ್ಯಾಂಕಿನ ವಿಷಯ

ಈ ಪಿಕಪ್‌ಗಳ ಟ್ಯಾಂಕು ಚಾಸಿ ತೊಲೆಯ ಹೊರಗೆ, ಪಕ್ಕದಲ್ಲಿ ತೂಗುತ್ತದೆ. ಪಕ್ಕದಿಂದ ಗುದ್ದಿದಾಗ ಬೆಂಕಿ ಹೊತ್ತಿಕೊಳ್ಳುತ್ತದೆಂಬ ದೂರಿನ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ತನಿಖೆ ನಡೆಸಿತು. 1994ರ ಡಿಸೆಂಬರಿನಲ್ಲಿ ಕಂಪನಿ ಸುರಕ್ಷತಾ ಕಾರ್ಯಕ್ರಮಗಳಿಗೆ 5 ಕೋಟಿ ಡಾಲರಿಗೂ ಹೆಚ್ಚು ಕೊಡುವ ಒಪ್ಪಂದದಲ್ಲಿ ಅದು ಮುಗಿಯಿತು. ಗಾಡಿಗಳನ್ನು ವಾಪಸ್ ಕರೆಸಲಿಲ್ಲ. ಅಂದರೆ ಇವತ್ತಿಗೂ ಟ್ಯಾಂಕು ಅಲ್ಲೇ ಇದೆ. ಬೆಡ್ ಎತ್ತಿ ಚಾಸಿ ಬೋಳಾಗಿ ನಿಂತಿರುವಾಗ ಟ್ಯಾಂಕನ್ನು ಎರಡು ತೊಲೆಗಳ ನಡುವೆ, ಹೌಸಿಂಗಿನ ಹಿಂದೆ ಸಾಗಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಅದೇ ಕಾಲದ ಬ್ಲೇಜರ್ ಗಾಡಿಯ ಟ್ಯಾಂಕನ್ನು ಹಲವರು ಹೀಗೆ ಬಳಸುತ್ತಾರೆ. ಅಲ್ಲಿದ್ದ ಸ್ಟೆಪ್ನಿಗೆ ಬೇರೆ ಜಾಗ ನೋಡಬೇಕು. ನನ್ನ ಮಟ್ಟಿಗೆ ಇದು ಬೇಕಾದರೆ ಮಾಡುವ ಕೆಲಸವಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಗಾಡಿಗೆ ಮಾಡಲೇಬೇಕಾದದ್ದು.

ಶಾಫ್ಟ್, ಬ್ರೇಕ್, ವೈರು

ಕ್ರೂ ಕ್ಯಾಬಿನ ಜಾಯಿಂಟ್ ಶಾಫ್ಟ್ ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್. ಬೇರಿಂಗ್ ನಿಮ್ಮ ಕಡಿತಕ್ಕಿಂತ ಮುಂದೆ ಇದ್ದರೆ ಹಿಂದಿನ ತುಂಡು ಮಾತ್ರ ಗಿಡ್ಡವಾಗಬೇಕು. ಗಾಡಿ ಚಕ್ರದ ಮೇಲೆ ನಿಂತು ಪೂರ್ತಿ ಭಾರ ಬಿದ್ದ ಮೇಲೆ ಅಳತೆ ತೆಗೆದು, ಜಾರುವ ತುದಿಗೆ ಒಂದಿಂಚು ಆಟ ಬಿಟ್ಟು, ಶಾಫ್ಟ್ ಅಂಗಡಿಯಲ್ಲಿ ಕಡಿಸಿ ಬ್ಯಾಲೆನ್ಸ್ ಮಾಡಿಸಿ. ಮನೆಯಲ್ಲಿ ಕಡಿದು ಬೆಸೆದ ಶಾಫ್ಟ್ ಹೈವೇಯಲ್ಲಿ ಗಾಡಿಯನ್ನೇ ನಡುಗಿಸುತ್ತದೆ. ಕೋನಮಾಪಕ ಇಟ್ಟು ಜಾಯಿಂಟಿನ ಕೋನಗಳನ್ನೂ ನೋಡಿ, 3 ಡಿಗ್ರಿಯೊಳಗಿದ್ದರೆ ನಿಶ್ಚಿಂತೆ.

ಬ್ರೇಕ್ ಪೈಪನ್ನು ಕತ್ತರಿಸಿ ನಡುವೆ ಕಂಪ್ರೆಶನ್ ಜೋಡಣೆ ಹಾಕುವುದು ಅಕ್ಷಮ್ಯ. ತಾಮ್ರ-ನಿಕಲ್ ಪೈಪನ್ನು ಒಂದೇ ತುಂಡಾಗಿ ಎಳೆದು ತುದಿಗೆ ಡಬಲ್ ಫ್ಲೇರ್ ಮಾಡಿ (ಅಂಚನ್ನು ಎರಡು ಮಡಿಕೆ ಮಾಡಿ ಅಗಲಿಸಿ), ಏರ್ ತೆಗೆಯಿರಿ. ಹ್ಯಾಂಡ್‌ಬ್ರೇಕಿನ ನಡುವಿನ ಕೇಬಲ್ ಅಳತೆ ಕೊಟ್ಟು ಮಾಡಿಸಿ. ವೈರಿಂಗಿನ ಹೆಚ್ಚಿನ ಉದ್ದವನ್ನು ತೊಲೆಯ ಒಳಗೆ ಮಡಚಿ ಕಟ್ಟಿದರೆ ಸಾಕು. ಸೈಲೆನ್ಸರ್ ಹೇಗೂ ಹೊಸದು.

ಬೆಡ್ ಕೂರಿಸುವಾಗ ಕ್ಯಾಬಿಗೂ ಬೆಡ್ಡಿಗೂ ನಡುವೆ ಮುಕ್ಕಾಲಿನಿಂದ ಒಂದಿಂಚು ಸಂದು ಬಿಡಿ. ಉದ್ದನೆಯ ಚಾಸಿ ಹಳ್ಳ ದಿಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ, ಅಂದಕ್ಕೆಂದು ತೀರ ಹತ್ತಿರ ತಂದರೆ ಎರಡರ ಬಣ್ಣವೂ ಎದ್ದುಹೋಗುತ್ತದೆ.

ಅಪ್ಪನ ಕಾಲದ ಎರಡು ಬಾಗಿಲಿನ ಗಾಡಿಯೇ ಆಗಬೇಕೆಂದರೆ

ಕೆಲವರಿಗೆ ಗಾಡಿ ಎಂದರೆ ನೆನಪು, ಬೇರೆಯದು ಬೇಡ. ಆಗಲೂ ಆ ಕ್ಯಾಬನ್ನು ಹಿಗ್ಗಿಸಲು ಹೋಗದೆ, ಕ್ರೂ ಕ್ಯಾಬ್ ಗಾಡಿಯೊಂದನ್ನು ಮೇಲಿನಂತೆ ಗಿಡ್ಡ ಮಾಡಿ, ಹಳೆ ಗಾಡಿಯ ಇಂಜಿನ್, ಬಾನೆಟ್, ಮುಂದಿನ ಮಡ್‌ಗಾರ್ಡು, ಗ್ರಿಲ್ಲು ಅದಕ್ಕೆ ಹಾಕಿ. ಕಾಗದ ಮಾತ್ರ ಕ್ರೂ ಕ್ಯಾಬಿನದೇ ಇರಲಿ. ಹಳೆಯ ಚಾಸಿಯೇ ಬೇಕೆಂದು ಹಟ ಹಿಡಿದರೆ ಉದ್ದ ಬೆಡ್ಡಿನ ಚಾಸಿಯನ್ನು 19 ಇಂಚು ಉದ್ದ ಮಾಡಬೇಕು, ಕ್ರೂ ಕ್ಯಾಬಿನ ಹೆಚ್ಚುವರಿ ಆಧಾರಗಳನ್ನು ಹೊಸದಾಗಿ ಕೂರಿಸಬೇಕು, ಅರ್ಧ ಟನ್ನಿನ ಬ್ರೇಕು ಪಾಟಾಗಳ ಮೇಲೆ ಭಾರದ ಕ್ಯಾಬ್ ಹೇರಬೇಕು. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ರಸ್ತೆಗೆ ಇಳಿಸುವಾಗ

ಬೆಸುಗೆಗೆ ಪ್ರೈಮರ್ ಹೊಡೆಯುವ ಮುಂಚೆ ಡೈ ಪೆನೆಟ್ರಂಟ್ ಸ್ಪ್ರೇ ಹಾಕಿ ನೋಡಿ. ಬಿರುಕಿದ್ದರೆ ಬಿಳಿಯ ಪುಡಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೂಡಿದ ಕಡೆ ತಿಕ್ಕಿ ತೆಗೆದು ಮತ್ತೆ ಬೆಸೆಯಬೇಕು, ಮೇಲೆ ಇನ್ನೊಂದು ಪದರ ಎಳೆದು ಮುಚ್ಚಬಾರದು. ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಹಿಂದಿನ ಹೌಸಿಂಗ್ ಮುಂದಿನದಕ್ಕೆ ನೇರವಾಗಿದೆಯೇ ಎಂಬುದರ ಮುದ್ರಿತ ವರದಿ ಕೇಳಿ ಪಡೆಯಿರಿ. ಇನ್ಶೂರೆನ್ಸಿನವರಿಗೆ ಬದಲಾವಣೆಯನ್ನು ಫೋಟೋ ಸಮೇತ ತಿಳಿಸಿ. ನಿಮ್ಮ ರಾಜ್ಯದಲ್ಲಿ ತಪಾಸಣೆ ಬೇಕೇ ಎಂದು ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿರಬೇಕು, ನಿಯಮ ರಾಜ್ಯಕ್ಕೊಂದು ಥರ.

ಚಾಲಕನ ಬಾಗಿಲ ಬಳಿಯ ಫಲಕದಲ್ಲಿರುವ ಒಟ್ಟು ತೂಕದ ಮಿತಿ ಮೊದಲಿನದೇ, ಅದನ್ನು ದಾಟಬೇಡಿ. ಬೆಡ್ಡಿನೊಳಗೆ ಕೊಂಡಿ ಹಾಕುವ ಫಿಫ್ತ್ ವೀಲ್ ಟ್ರೇಲರ್ ಎಳೆಯುವವರಾದರೆ ಇನ್ನೊಂದು ಎಚ್ಚರ: ಗಿಡ್ಡ ಬೆಡ್ಡಿನಲ್ಲಿ ಕೊಂಡಿ ಕ್ಯಾಬಿಗೆ ಹತ್ತಿರ ಬರುವುದರಿಂದ, ಬಿಗಿಯಾಗಿ ತಿರುಗಿಸುವಾಗ ಟ್ರೇಲರಿನ ಮೂಲೆ ಹಿಂಗಾಜಿಗೆ ಬಡಿಯಬಹುದು. ಹಿಂದಕ್ಕೆ ಸರಿಯುವ ಬಗೆಯ ಕೊಂಡಿಯೇ ಬೇಕು.

ಮೊದಲ ಕೆಲವು ನೂರು ಮೈಲಿ ಖಾಲಿ ಓಡಿಸಿ. ಆಮೇಲೆ ಗಾಡಿ ಎತ್ತಿ ಬೆಡ್ಡಿನ ಬೋಲ್ಟು, ಪಾಟಾದ ಯು ಬೋಲ್ಟು, ಶಾಫ್ಟಿನ ಸ್ಟ್ರ್ಯಾಪು, ಟ್ಯಾಂಕಿನ ಪಟ್ಟಿ ಎಲ್ಲವನ್ನೂ ಟಾರ್ಕ್ ಪಾನಾ ಹಿಡಿದು ಬಿಗಿಮಾಡಿ, ಒತ್ತುಪಟ್ಟಿಯ ನಾಲ್ಕೂ ಚೂಪು ತುದಿಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ. ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೂ ಅಲ್ಲಿ ಉಜ್ಜಿ ಮತ್ತೆ ಸ್ಪ್ರೇ ಹಾಕಿ ಪರೀಕ್ಷಿಸಿ, ಅದಾದ ಮೇಲೆಯೇ ಭಾರ ಹೇರಿ.